ಗಿಣಿಯೋ ಮೊಗ್ಗೋ

ನಮ್ಮ ಭಾವನವರ ದೃಷ್ಟಿಯಲ್ಲಿ ನಾನು ಮನುಷ್ಯನಲ್ಲ, ಕ್ಯಾಮೆರಾ ಸ್ಟ್ಯಾಂಡು! ಒಂದು ಕಾಲು ಕಡಿಮೆ, ಅಷ್ಟೆ.

ಎಲ್ಲಕ್ಕೂ ಕಾರಣ ಮ್ಯೂಸಿಯಮ್ಮಿನ ಕತ್ತಲ ಮೂಲೆಯಲ್ಲಿ ನಿಂತಿದ್ದ ಒಬ್ಬ ಕಲ್ಲಿನ ಹೆಂಗಸು. ಮದುವೆಯಾದ ಹೊಸದರಲ್ಲಿ ಭಾವ ನಮ್ಮಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಆ ಹೆಂಗಸಿನ ಕೈಯಲ್ಲಿರುವುದು ಗಿಣಿ ಎಂದಳು ಅಕ್ಕ. ಕಮಲದ ಮೊಗ್ಗು ಎಂದರು ಭಾವ. ಆ ಮಬ್ಬಿನಲ್ಲಿ ಎರಡೂ ಹೌದೆನ್ನಿಸುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದರೂ ಜಗಳ ಮುಗಿಯಲಿಲ್ಲ! ಚಾಮರಾಜಪೇಟೆಯ ಅವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಗಿಣಿಗೇ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಳು. ಮ್ಯೂಸಿಯಮ್ಮಿಗೆ ಹೋಗಿ ನೋಡುವ ಮಾತೇ ಇಲ್ಲ.

"ಫೋಟೋ ತಂದು ತೋರ್ಸಿ, ಒಪ್ಕೋತೀನಿ," ಎಂದಳು ಮಲಗಿದಲ್ಲಿಂದಲೇ.

ಭಾವ ಸ್ಟ್ಯಾಂಡು ಹೊತ್ತು ಹೊರಟರು. ಬಾಗಿಲಲ್ಲೇ ಕಾವಲುಗಾರ ತಡೆದ. ಫ್ಲ್ಯಾಶೂ ಕೂಡದು, ಸ್ಟ್ಯಾಂಡೂ ಕೂಡದು! ಆ ಕತ್ತಲಲ್ಲಿ ಕ್ಯಾಮೆರಾ ನಾಲ್ಕು ಸೆಕೆಂಡು ಕಣ್ಣು ಬಿಟ್ಟುಕೊಂಡಿರಬೇಕು. ಯಾರ ಕೈ ತಾನೇ ಅಷ್ಟು ಹೊತ್ತು ಅಲುಗದೆ ಇದ್ದೀತು? ಮೊದಲ ರೋಲಿನಲ್ಲಿ ಕಲ್ಲಿನ ಹೆಂಗಸಿಗೆ ಆರು ಕೈ ಬಂದಿದ್ದವು.

ಮುಂದಿನ ವಾರ ಎದುರಿನ ವೀರಗಲ್ಲಿನ ಪೀಠದ ಮೇಲೆ ಅಕ್ಕಿ ಚೀಲವಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದರು. ಚೀಲದ ಹೊಲಿಗೆ ಬಿಚ್ಚಿತು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ಕಲ್ಲಿನ ಬುಡದಲ್ಲಿ ಅಕ್ಕಿ ಕಂಡು ಚಪ್ಪಲಿ ಬಿಟ್ಟರು, ಕೈಮುಗಿದರು, ಭಾವನ ಮುಂದೆ ತೀರ್ಥಕ್ಕೆ ಕೈಯೊಡ್ಡಿದರು!

ಆಮೇಲೆ ಭಾವನ ಕಣ್ಣು ನನ್ನ ಮೇಲೆ ಬಿತ್ತು. ದಿನವೂ ಐದಕ್ಕೆದ್ದು ಪ್ರಾಣಾಯಾಮ ಮಾಡುವವನು ನಾನು. ಅದು ಹೀಗೆ ಉಪಯೋಗಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಭಾನುವಾರ ನನ್ನನ್ನು ಆ ಹೆಂಗಸಿನ ಎದುರು ನಿಲ್ಲಿಸಿ, ಹೆಗಲ ಮೇಲೆ ಕ್ಯಾಮೆರಾ ಇಟ್ಟು, "ಉಸಿರು ಹಿಡ್ಕೋ!" ಎಂದರು.

ಕಾವಲುಗಾರ ಓಡಿಬಂದ. "ಏನ್ ಸಾರ್ ಇದು? ಸ್ಟ್ಯಾಂಡ್ ಇಡಬಾರ್ದು ಅಂತ ಹೇಳಿಲ್ವಾ?"

"ಸ್ಟ್ಯಾಂಡ್ ಅಲ್ಲಪ್ಪಾ, ನನ್ನ ಭಾಮೈದ. ಭಾಮೈದನ್ನ ತರಬಾರ್ದು ಅಂತ ಬೋರ್ಡಲ್ಲಿ ಬರ್ದಿದೀರಾ?"

ಅವನು ಬೋರ್ಡಿನ ತನಕ ಹೋಗಿ, ಪೂರ್ತಿ ಓದಿಕೊಂಡು ಬಂದ. ಬರೆದಿರಲಿಲ್ಲ!

ಆ ಭಾನುವಾರ ಸೀನಿದೆ. ಮುಂದಿನ ಭಾನುವಾರ ಇರುವೆ ಕಚ್ಚಿತು. ಮೂರನೆಯದಕ್ಕೆ ಕಲ್ಲಾಗಿ ನಿಂತೆ. ಚಿಕ್ಕಪೇಟೆಯ ಸ್ಟುಡಿಯೋದಲ್ಲಿ ಫೋಟೋ ಕೈಗೆ ಬಂದಾಗ ಎಸಳು ಎಣಿಸಬಹುದಿತ್ತು. ಮೊಗ್ಗು!

"ಗೆದ್ರಲ್ಲ ಭಾವ!" ಎಂದೆ.

ಅವರು ಫೋಟೋವನ್ನು ಕೋಟಿನ ಒಳಜೇಬಿಗೆ ಸೇರಿಸಿದರು. ಮಾರ್ಕೆಟ್ಟಿನ ಕಡೆ ಹೆಜ್ಜೆ ಹಾಕಿದರು. ಆಮೇಲೆ, "ಊಟಕ್ಕೆ ಏಳು ಅಂದ್ರೆ ಏಳಲ್ಲ ನಿಮ್ಮಕ್ಕ. ಮೊಗ್ಗು ಅಂದ್ರೆ ಮಾತ್ರ ಎದ್ದು ಕೂರ್ತಾಳೆ ಕಣೋ," ಎಂದರು.

ಮನೆಯಲ್ಲಿ ಅಕ್ಕ ಬಾಗಿಲ ಕಡೆಗೇ ನೋಡುತ್ತ ಮಲಗಿದ್ದಳು. "ಬಂತಾ?"

"ಎಲ್ಲಿ ಬರತ್ತೆ? ನಿನ್ನ ತಮ್ಮ ಅಲ್ಲಾಡ್ಬಿಟ್ಟ."

ಅಕ್ಕ ನನ್ನತ್ತ ತಿರುಗಿದಳು. ಅವಳ ಹತ್ತಿರ ನಾನು ಎಂದೂ ಸುಳ್ಳಾಡಿದವನಲ್ಲ. "ಕೆಮ್ಮು ಬಂತಕ್ಕ," ಎಂದೆ.

"ಕೆಮ್ಮಂತೆ ಕೆಮ್ಮು! ಗಿಣಿ ಅಂತ ಗೊತ್ತಾಗ್ಬಿಡತ್ತಲ್ಲ, ಅದಕ್ಕೇ ಇಬ್ರೂ ಸೇರ್ಕೊಂಡು ನಾಟಕ ಆಡ್ತಿದೀರಿ!" ಎನ್ನುತ್ತ ಅಕ್ಕ ಎರಡೂ ಕೈ ಊರಿ ಎದ್ದು ಕೂತಳು.

ಭಾವ ಬೇಗ ಬೇಗನೆ ಅವಳ ಬೆನ್ನಿಗೆ ದಿಂಬು ಕೊಟ್ಟರು. "ಮೊಗ್ಗು ಕಣೇ, ಮೊಗ್ಗು!" ಎಂದು ಕೂಗುತ್ತಲೇ ಅವಳ ಅನ್ನದ ತಟ್ಟೆ ತರಲು ಒಳಗೆ ಓಡಿದರು.