ಬಸವಣಪ್ಪನ ಮೂಗಿನ ಹವಾ ವರದಿ

ಹುಮನಾಬಾದಿನಲ್ಲಿ ಗಾಳಿ ಬೀಸಬೇಕಾದರೆ ಮೊದಲು ಬಸವಣಪ್ಪನ ಮೂಗಿನ ಅಪ್ಪಣೆ ಪಡೆಯಬೇಕು ಎಂಬ ಮಾತು ಊರಲ್ಲಿತ್ತು. ಆ ಮಾತನ್ನು ಹುಟ್ಟಿಸಿದವನು ಬಸವಣಪ್ಪನೇ ಎಂಬುದು ಬೇರೆ ವಿಷಯ. (ಮಾತನ್ನು ಯಾರಾದರೂ ಹುಟ್ಟಿಸಬಹುದು, ದಿನಾ ಎತ್ತಿಕೊಂಡು ತಿರುಗುವವರು ಬೇಕಲ್ಲ.) ಮೂವತ್ತನಾಲ್ಕು ವರ್ಷ ಸರಕಾರಿ ಮಳೆಮಾಪಕದ ಮುಂದೆ ಕುಳಿತು, ಬಿದ್ದ ನೀರನ್ನು ಗಾಜಿನ ಕೊಳವೆಗೆ ಸುರಿದು, ಅಳೆದು, ಬರೆದು ನಿವೃತ್ತನಾದ ಮನುಷ್ಯ ಅವನು. ಈ ಸೀಮೆಯಲ್ಲಿ ಮಳೆ ಬರೆಯುವುದೆಂದರೆ ವರ್ಷದಲ್ಲಿ ಮುನ್ನೂರು ದಿನ ಸೊನ್ನೆ ಬರೆಯುವುದು. ಅಷ್ಟು ಸೊನ್ನೆ ಬರೆದ ಕೈಯನ್ನು ಕಂಡರೆ ಆಕಾಶವೂ ಎದ್ದು ನಿಲ್ಲುತ್ತದೆಂದು ಅವನ ನಂಬಿಕೆ.

ನಿವೃತ್ತಿಯ ಮೇಲೆ ಅಳೆಯಲು ಮಳೆ ಇಲ್ಲದ್ದರಿಂದ ಗಾಳಿಗೆ ಕೈ ಹಾಕಿದ. ಉಪಕರಣ ಒಂದೇ: ಮೂಗು. ಆ ಮೂಗು ಬಸವಣಪ್ಪನಿಗಿಂತ ಎರಡು ನಿಮಿಷ ಮುಂಚೆ ಮನೆಯೊಳಗೆ ಬರುತ್ತಿತ್ತು. ಹೆಂಡತಿ ವಿದ್ಯಾವತಿ ಅದನ್ನು ನೋಡಿಯೇ ಚಹಾಕ್ಕೆ ನೀರಿಡುತ್ತಿದ್ದಳು. ದೇವರು ಅವನ ಮನೆಯನ್ನೂ ಆ ಮೂಗಿಗೆ ತಕ್ಕ ಜಾಗದಲ್ಲೇ ಇಟ್ಟಿದ್ದ. ಮೂಡಲಿಗೆ ಧಾನ್ಯದ ಬಜಾರು, ಅತ್ತಲಿಂದ ಗಾಳಿ ಬಂದರೆ ತೊಗರಿ ದೂಳಿನ ವಾಸನೆ. ತೆಂಕಲಿಗೆ ಬಸ್ ನಿಲ್ದಾಣ, ಕರಿದ ಮೆಣಸಿನಕಾಯಿಯ ವಾಸನೆ. ಬಡಗಲಿಗೆ ಎಮ್ಮೆಗಳ ಕೊಟ್ಟಿಗೆ, ಅದನ್ನು ವಿವರಿಸುವ ಅಗತ್ಯವಿಲ್ಲ. ಪಡುವಲಿಗೆ ಔಷಧಿ ಕಾರ್ಖಾನೆಗಳು, ಅತ್ತಲಿಂದ ಬಂದರೆ ದವಾಖಾನೆಯ ಬಾಗಿಲು ತೆರೆದಂತೆ. ಬೆಳಿಗ್ಗೆ ಆರಕ್ಕೆ ಮಾಳಿಗೆ ಹತ್ತಿ ನಾಲ್ಕು ದಿಕ್ಕಿಗೂ ಒಂದೊಂದು ಸಲ ಮೂಸಿದರೆ ಹವಾಮಾನ ಇಲಾಖೆಗೆ ಅಂದಿನ ಮಟ್ಟಿಗೆ ರಜೆ.

ಆಮೇಲೆ ವರದಿ. ಮುಂಜಾನೆ ವಾಕಿಂಗ್ ಹೋಗುವ ನಲವತ್ತು ಮಂದಿಯ ವಾಟ್ಸಾಪ್ ಗುಂಪಿಗೆ ಅವನ ಧ್ವನಿ ಪ್ರತಿದಿನ ಗಂಭೀರವಾಗಿ ಇಳಿಯುತ್ತಿತ್ತು: ಮೂಡಲ ಗಾಳಿ, ಮಂದ, ವಾಕಿಂಗಿಗೆ ಕಿವಿ ಮುಚ್ಚಿಕೊಳ್ಳುವುದು, ದಾರ ಕಟ್ಟಿ ಪತಂಗ ಹಾರಿಸುವವರಿಗೆ ಹತ್ತು ಗಂಟೆಯ ಮೇಲೆ ಅನುಕೂಲ, ಹಪ್ಪಳ ಒಣಹಾಕುವವರು ಮೇಲೆ ಕಲ್ಲಿಡುವುದು. ಹತ್ತರಲ್ಲಿ ಎಂಟು ದಿನ ಅದು ನಿಜವೂ ಆಗುತ್ತಿತ್ತು. ಉಳಿದೆರಡು ದಿನ ಗಾಳಿಯೇ ತಪ್ಪು ಮಾಡಿದೆ ಎಂದು ಮರುದಿನ ಪ್ರಕಟಣೆ ಕೊಡುತ್ತಿದ್ದ.

ಇಂಥ ಮೂಗಿಗೆ ಪರೀಕ್ಷೆ ಬಂದದ್ದು ಎಳ್ಳ ಅಮಾವಾಸ್ಯೆಗೆ. ಅಂದು ಈ ಸೀಮೆಯಲ್ಲಿ ಮನೆಯಲ್ಲಿ ಉಣ್ಣುವವನು ಒಂದೋ ಕಾಯಿಲೆಯವನು, ಇಲ್ಲವೇ ಜಗಳಗಂಟ. ಉಳಿದವರೆಲ್ಲ ಹಸಿ ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನಿಂದ ಕೊಪ್ಪಿ ಎಂಬ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ, ಎದುರಿಗೆ ಒಲೆ ಹೂಡಿ ಹಾಲು ಉಕ್ಕಿಸಿ, ಪೈರಿನ ನಡುವೆ ಕುಳಿತು ಉಣ್ಣುತ್ತಾರೆ. ವಿದ್ಯಾವತಿ ಮದುವೆಯಾದ ಲಾಗಾಯ್ತು ಈ ಊಟವನ್ನು ಬಸವಕಲ್ಯಾಣದ ಕಡೆ ಮಂಠಾಳದಲ್ಲಿ, ತಮ್ಮ ಓಂಪ್ರಕಾಶನ ಹೊಲದಲ್ಲೇ ಉಂಡಿದ್ದಳು. ತಮ್ಮನಿಗೆ ಬಟ್ಟೆ ಅಂಗಡಿ, ಹದಿನಾರೆಕರೆ, ಬಾವಿ, ಬಾವಿಗೆ ಬಣ್ಣ. ಪ್ರತಿ ವರ್ಷ ಅಲ್ಲಿ ಅತಿಥಿಯಾಗಿ ಕುಳಿತು, ಪ್ರತಿ ವರ್ಷ ಬರುವಾಗ ಒಂದು ನಿಟ್ಟುಸಿರು ತಂದಿದ್ದಳು. ಈಗ ದುಬಲಗುಂಡಿಯ ಹತ್ತಿರ ಗಂಡಹೆಂಡಿರದೇ ಎರಡೆಕರೆ ಆಗಿತ್ತು. ಈ ಸಲ ನಮ್ಮ ಹೊಲಕ್ಕೆ ಬನ್ನಿ ಎಂದು ಫೋನಿನಲ್ಲಿ ಕರೆದೇಬಿಟ್ಟಳು. ಒಂದು ವರ್ಷ ಬಂದು ನೋಡುತ್ತೇವೆ, ಊಟ ಚೆನ್ನಾಗಿ ಕೂತರೆ ಇನ್ನು ಮುಂದೆ ಅಕ್ಕನ ಹೊಲದಲ್ಲೇ, ಇಲ್ಲವಾದರೆ ಹಳೇ ಪದ್ಧತಿಯಂತೆ ಮಂಠಾಳ ಎಂದ ಓಂಪ್ರಕಾಶ. ಅಂದಿನಿಂದ ವಿದ್ಯಾವತಿಗೆ ಅದೇ ಧ್ಯಾನ. ಮೂವತ್ತೊಂದು ವರ್ಷದ ನಿಟ್ಟುಸಿರನ್ನು ಒಂದೇ ಮಧ್ಯಾಹ್ನದಲ್ಲಿ ತೀರಿಸಬೇಕಿತ್ತು.

ಅಡುಗೆ ಅವಳದು, ಹವಾ ತನ್ನದು ಎಂದು ಬಸವಣಪ್ಪ ಘೋಷಿಸಿದ.

ಇಲ್ಲೊಂದು ಸಣ್ಣ ಸಂಗತಿ ಹೇಳಬೇಕು. ಡಿಸೆಂಬರಿನ ಚಳಿಯಲ್ಲಿ ಮಾಳಿಗೆ ಹತ್ತಿ ಆಕಾಶ ಮೂಸಿದ್ದರ ಫಲವಾಗಿ, ಅಮಾವಾಸ್ಯೆಗೆ ಎಂಟು ದಿನವಿರುವಾಗ ಅವನಿಗೆ ನೆಗಡಿ ಹಿಡಿಯಿತು. ಒಮ್ಮೆ ಸೀನಿದರೆ ಬೀದರ್ ರಸ್ತೆಯ ಲಾರಿಗಳು ಹಾರ್ನ್ ಎಂದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದವು. ವಿದ್ಯಾವತಿ ಮುಲಾಮು ಕೊಟ್ಟಳು. ಅವನು ಅದನ್ನು ಮೂಗಿನ ಕೆಳಗೆ, ಅಂದರೆ ಮೀಸೆಗೆ, ದಿನಕ್ಕೆ ನಾಲ್ಕು ಸಲ ಎಣ್ಣೆ ಹಚ್ಚಿದ ಹಾಗೆ ಹಚ್ಚಿದ. ದಟ್ಟ ಮೀಸೆ, ಅರಳೆಯ ಹಾಗೆ ಹೀರಿಕೊಂಡಿತು. ಮರುದಿನ ಮಾಳಿಗೆಯ ಮೇಲೆ ಮೂಸಿದರೆ ದವಾಖಾನೆಯ ವಾಸನೆ. ಪಡುವಲ ಗಾಳಿ ಎಂದು ವರದಿ ಮಾಡಿದ. ಅದರ ಮರುದಿನವೂ ಪಡುವಲ. ಮೂಡಲಿಗೆ ತಿರುಗಿದರೂ, ತೆಂಕಲಿಗೆ ತಿರುಗಿದರೂ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡರೂ ಪಡುವಲ. ಇಷ್ಟು ನಿಷ್ಠೆಯ ಗಾಳಿಯನ್ನು ತನ್ನ ಸರ್ವಿಸಿನಲ್ಲೇ ಕಂಡಿಲ್ಲ ಎಂದು ಗುಂಪಿಗೆ ಹೆಮ್ಮೆಯಿಂದ ತಿಳಿಸಿದ.

ವಿದ್ಯಾವತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಒಂದು ಮಾತು ಹೇಳಿ ನೋಡಿದಳು.

"ಏನ್ರಿ, ನಿಮ್ಮ ಲುಂಗಿ ಕಾರ್ಖಾನಿ ಕಡಿ ಹಾರಾಕತ್ತದ. ಅಂದ್ರ ಗಾಳಿ ಮೂಡಲಿಂದ ಬಂದಂಗಾತಲ್ಲ?"

"ಲುಂಗಿ ಮಾತು ಕೇಳ್ತಿ, ನನ್ನ ಮಾತು ಕೇಳಂಗಿಲ್ಲ. ಅದು ಎಷ್ಟು ವರ್ಷ ಸರ್ವಿಸ್ ಮಾಡ್ಯಾದ?"

"ಹನ್ನೊಂದು ವರ್ಷ ಆತು. ಇನ್ನೂ ರಿಟೈರ್ ಮಾಡಿಲ್ಲ ನೀವು."

ಫೋನಿನಲ್ಲೂ ಪೂರ್ವದ ಗಾಳಿ ಎಂದೇ ತೋರಿಸುತ್ತಿತ್ತು. ಫೋನಿಗೆ ಮೂಗಿಲ್ಲ ಎಂದು ಬಸವಣಪ್ಪ ಒಂದೇ ಮಾತಿನಲ್ಲಿ ಆ ವಾದವನ್ನು ಮುಗಿಸಿದ. ವಿದ್ಯಾವತಿ ಮತ್ತೆ ಅದರ ಸುದ್ದಿ ಎತ್ತಲಿಲ್ಲ. (ಹೆಂಡತಿ ವಾದವನ್ನು ಅರ್ಧಕ್ಕೆ ಬಿಟ್ಟರೆ ಗಂಡ ಗೆದ್ದನೆಂದು ತಿಳಿಯುವುದು ಎಳೆಯರು ಮಾಡುವ ತಪ್ಪು. ಬಸವಣಪ್ಪನಿಗೆ ಅರವತ್ತಾರು.)

ಹಬ್ಬದ ಹಿಂದಿನ ದಿನ ಗಂಡಹೆಂಡಿರು ಹೊಲಕ್ಕೆ ಹೋದರು. ಬಸವಣಪ್ಪನ ಹೆಗಲಲ್ಲಿ ಹಗ್ಗ, ಕೈಯಲ್ಲಿ ನಾಲ್ಕು ಗೂಟ. ಅಣೆಕಟ್ಟು ಕಟ್ಟಲು ಹೊರಟವನ ಗತ್ತು. ಪಕ್ಕದ ಹೊಲದ ಉತ್ತಮ ಮತ್ತು ಅವನ ಹೆಂಡತಿ ದ್ರೌಪತಿ ಕೈಜೋಡಿಸಲು ಬಂದಿದ್ದರು. ಬಸವಣಪ್ಪ ಯೋಜನೆ ವಿವರಿಸಿದ: ಗಾಳಿ ಪಡುವಲದ್ದು, ಆದ್ದರಿಂದ ಕೊಪ್ಪಿಯ ಬೆನ್ನು ಪಡುವಲಿಗೆ, ಬಾಯಿ ಮೂಡಲಿಗೆ. ಒಲೆ ಇನ್ನೂ ಮೂಡಲಿಗೆ. ಬೀಗರು ಕೂರುವ ಜಮಖಾನೆ ಪಡುವಲ ಬದಿಗೆ. ಹೊಗೆ ಅತ್ತ ಹೋಗುತ್ತದೆ, ಬೀಗರು ಇತ್ತ ಕೂರುತ್ತಾರೆ.

ಉತ್ತಮ ತಲೆ ಕೆರೆದುಕೊಂಡ. "ಕಾಕಾ, ಗಾಳಿ ಎಂಟು ದಿನದಿಂದ ಮೂಡಲದ್ದೇ ಅದಲ್ರೀ."

ಬಸವಣಪ್ಪ ಕನಿಕರದಿಂದ ನಕ್ಕು, ಚಳಿಗಾಲದಲ್ಲಿ ಗಾಳಿ ಮೇಲೊಂದು ಕೆಳಗೊಂದು ಇರುತ್ತದೆ, ರೈತರಿಗೆ ಕೆಳಗಿನದು ಮಾತ್ರ ತಿಳಿಯುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದ. ಉತ್ತಮ ದ್ರೌಪತಿಯನ್ನು ನೋಡಿದ, ದ್ರೌಪತಿ ವಿದ್ಯಾವತಿಯನ್ನು ನೋಡಿದಳು, ವಿದ್ಯಾವತಿ ಹೇಳಿದಂತೆ ಕಟ್ಟಿ ಎಂದು ಸನ್ನೆ ಮಾಡಿದಳು. ಬಸವಣಪ್ಪ ಹಗ್ಗ ಹಿಡಿದು ಸಾಲು ನೇರ ಮಾಡುತ್ತಿದ್ದಾಗ ಹೆಂಗಸರಿಬ್ಬರೂ ದ್ರೌಪತಿಯ ಹೊಲದ ಕಡೆ ಮಾತಾಡುತ್ತ ಹೋದರು. ಹೆಂಗಸರ ಮಾತು, ಅವನೇನೂ ಗಮನಿಸಲಿಲ್ಲ.

ಹಬ್ಬದ ದಿನ ಹನ್ನೊಂದಕ್ಕೆ ಮಂಠಾಳದ ಕ್ರೂಸರ್ ಗಾಡಿ ಬಂತು. ಅದರೊಳಗಿಂದ ಓಂಪ್ರಕಾಶ, ಅವನ ಹೆಂಡತಿ ಸಂಗಮ್ಮ, ಎಂಬತ್ತು ದಾಟಿದ ಅವರ ಸೋದರತ್ತೆ ಮತ್ತು ಹದಿನಾಲ್ಕು ಜನ ಇಳಿದರು. ಗಾಡಿ ಉಸಿರು ಬಿಟ್ಟು ಒಂದು ಗೇಣು ಎತ್ತರವಾಯಿತು. ಬಸವಣಪ್ಪ ಮೀಸೆಗೆ ಹೊಸದಾಗಿ ಮುಲಾಮು ಬಳಿದು ಸ್ವಾಗತಕ್ಕೆ ನಿಂತಿದ್ದ. ಎಲ್ಲರನ್ನೂ ಜಮಖಾನೆಯ ಮೇಲೆ ಕೂರಿಸಿ, ಪಡುವಲ ಕಾರ್ಖಾನೆಯ ವಾಸನೆಯಿಂದ ಹಿಡಿದು ಈ ವ್ಯವಸ್ಥೆಯ ಹಿಂದಿರುವ ವೈಜ್ಞಾನಿಕ ತತ್ವವನ್ನು ಹತ್ತು ನಿಮಿಷ ಹೇಳಿ, ಪಾಂಡವರಿಗೆ ಕೈಮುಗಿದು, ಹಾಲಿನ ಗಡಿಗೆಯ ಕೆಳಗೆ ಬೆಂಕಿ ಹಾಕಿದ.

ಒಲೆಗಿಟ್ಟ ಸೆಗಣಿಯ ಕುಳ್ಳು ಸ್ವಲ್ಪ ಹಸಿ ಇತ್ತು. ಹೊಗೆ ಎದ್ದು ನಿಂತು, ಒಂದು ಕ್ಷಣ ಆಲೋಚಿಸಿ, ನೇರವಾಗಿ ಕೊಪ್ಪಿಯೊಳಗೆ ನುಗ್ಗಿತು. ಐದು ಜನ ಪಾಂಡವರ ದರ್ಶನ ಮುಗಿಸಿಕೊಂಡು ಹದಿನೇಳು ಜನ ಬೀಗರ ಮೇಲೆ ಇಳಿಯಿತು. ಅದು ಹೊಗೆಯಲ್ಲ, ಕರಿ ಕಂಬಳಿ. ಓಂಪ್ರಕಾಶ ತನ್ನ ಕನ್ನಡಕ ಒರೆಸಿಕೊಂಡು ಹಾಕಿಕೊಂಡರೆ ಅದು ಪಕ್ಕದವನ ಕಣ್ಣಿಗೆ ಹೋಗಿತ್ತು. ಮದುವೆಯ ದಿನ ಅಳದಿದ್ದ ಸಂಗಮ್ಮ ಅಂದು ಎಲ್ಲ ಬಾಕಿ ಸೇರಿಸಿ ಅತ್ತಳು. ಸೋದರತ್ತೆಯಂತೂ ಸುತ್ತ ಎಲ್ಲರೂ ಕಣ್ಣೊರೆಸಿಕೊಳ್ಳುವುದನ್ನು ಕಂಡು, ಹೋದವರು ಯಾರೆಂದು ಸಹ ಕೇಳದೆ, ಎದೆ ಬಡಿದುಕೊಂಡು ಹಾಡಿ ಅಳಲು ಶುರು ಮಾಡಿದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಚಪ್ಪಲಿ ಬಿಟ್ಟು ಬಂದು ಸಾಂತ್ವನ ಹೇಳಿ ಹೋದರು.

ಬಸವಣಪ್ಪ ಎದೆಗುಂದಲಿಲ್ಲ. ಇದು ಎರಡು ನಿಮಿಷದ ಸುಳಿ, ಈಗ ತಿರುಗುತ್ತದೆ ಎಂದ. ತಿರುಗಲಿಲ್ಲ, ಜೋರಾಯಿತು. ಮೂಡಲಿಗೆ ಬಾಯಿ ತೆರೆದಿದ್ದ ಕೊಪ್ಪಿ ಒಂದು ಮಣ ಗಾಳಿ ಕುಡಿದು, ಉಬ್ಬಿ, ಗೂಟ ಕಿತ್ತುಕೊಂಡು ಎದ್ದಿತು. ಬೀಗರ ತಲೆಯ ಮೇಲೆ ಹಾದು, ತೊಗರಿ ಸಾಲು ದಾಟಿ, ಟಿಕೆಟಿಲ್ಲದೆ ಮಹಾರಾಷ್ಟ್ರದ ಕಡೆಗೆ ಹೊರಟೇಹೋಯಿತು. ಪಾಂಡವರು ಮತ್ತೊಮ್ಮೆ ವನವಾಸಕ್ಕೆ ಬಿದ್ದು ಬಿಸಿಲಿನಲ್ಲಿ ಕುಳಿತರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವಾಕಿಂಗ್ ಗುಂಪಿನ ಗುಲಾಮ್ ರಸೂಲ್, ನಿವೃತ್ತ ಬಸ್ ಕಂಡಕ್ಟರ್. ವರದಿಯನ್ನು ನಂಬಿ ಮೊಮ್ಮಕ್ಕಳನ್ನು ಗಾಳಿಪಟ ಹಾರಿಸಲು ಕೆರೆಯ ದಂಡೆಗೆ ಕರೆದುಕೊಂಡು ಹೋಗಿದ್ದ.

"ಬಸವಣಪ್ಪ ಸಾಬ್, ಪತಂಗ ಮೈದಾನದ ಕಡಿ ಹೋಗ್ತಾವ ಅಂದಿದ್ರಿ. ಎಲ್ಲಾ ಕೆರ್ಯಾಗ ಹೋದ್ವು. ಈಗ ಮೀನ ಹಾರಸಾಕತ್ತಾವ."

ಬಸವಣಪ್ಪ ಸಿಗ್ನಲ್ ಇಲ್ಲವೆಂದು ಫೋನಿಟ್ಟ. ಆಗ ಸಂಗಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಹತ್ತಿರ ಬಂದಳು. ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಮುಂದೆ ಬಂದು ಮೂಸಿದಳು.

"ಅಣ್ಣಾ, ಸಿಟ್ಟಿಗಿ ಬರಬ್ಯಾಡ್ರಿ. ಕಾರ್ಖಾನಿ ವಾಸನಿ ಪಡುವಲಿಂದ ಬರಾಕತ್ತಿಲ್ಲ. ನಿಮ್ಮ ಮೀಸಿಂದ ಬರಾಕತ್ತದ."

ಬಸವಣಪ್ಪ ತಂಬಿಗೆಯ ನೀರಿನಿಂದ ಮೀಸೆ ತೊಳೆದು, ಧೋತರದ ಚುಂಗಿನಿಂದ ಒರೆಸಿ, ಮೂಡಲಿಗೆ ಮುಖ ಮಾಡಿ ಉಸಿರು ಎಳೆದುಕೊಂಡ. ತೊಗರಿ. ಎಂಟು ದಿನದಿಂದ ಕಾಣೆಯಾಗಿದ್ದ ತೊಗರಿಯ ವಾಸನೆ, ನೆಂಟರ ಹಾಗೆ ನೇರ ಒಳಗೆ ಬಂತು. ಅವನ ಮುಖ ನೋಡಿ ಓಂಪ್ರಕಾಶನಿಗೂ ನಗಲು ಮನಸ್ಸಾಗಲಿಲ್ಲ. ಜಮಖಾನೆ ಕೊಡವಿಕೊಂಡು, ಅಕ್ಕ, ಊಟ ಗಾಡಿಗೆ ಹಾಕಿರಿ, ಮಂಠಾಳಕ್ಕೇ ಹೋಗೋಣ ಎಂದ. ಆ ಮಾತು ಕೇಳಿದಾಗ ಮಾತ್ರ ಬಸವಣಪ್ಪನ ಮೂಗು ಮೊದಲ ಸಲ ಸಣ್ಣದಾಯಿತು. ತನ್ನ ವರದಿ ಹಾಳಾದರೆ ನಾಳೆ ಇನ್ನೊಂದು ಕೊಡಬಹುದಿತ್ತು. ವಿದ್ಯಾವತಿಗೆ ಇನ್ನೊಂದು ಅಮಾವಾಸ್ಯೆ ಎಲ್ಲಿಂದ ತರುವುದು?

ವಿದ್ಯಾವತಿ ಶಾಂತವಾಗಿ ಉಕ್ಕಿದ ಹಾಲಿನ ಗಡಿಗೆ ಇಳಿಸಿ ಬೆಂಕಿಗೆ ಮಣ್ಣು ಹಾಕಿದಳು.

"ಮಂಠಾಳ ಯಾಕೋ? ಪೂಜಿ ಆತು, ಹಾಲು ಉಕ್ಕ್ಯಾದ. ಎಲ್ಲಾರೂ ಎದ್ದು ಬರ್ರಿ, ಊಟ ಆ ಕಡಿ ಅದ."

ದ್ರೌಪತಿಯ ಹೊಲದ ಬದುವಿಗೆ ಹತ್ತಿದಂತೆ ಎರಡಾಳೆತ್ತರದ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆ ಇತ್ತು. ಅದನ್ನು ಸುತ್ತಿ ಪಡುವಲ ಬದಿಗೆ ಹೋದರೆ ಗಾಳಿಯ ಸುಳಿವಿಲ್ಲ. ಸೆಗಣಿ ಸಾರಿಸಿದ ನೆಲ, ಮೇಲೆ ಹೊಸ ಜಮಖಾನೆ, ನೀರಿನ ಕೊಡ. ಪಕ್ಕಕ್ಕೆ ನಿನ್ನೆಯೇ ಹೂಡಿದ ಇನ್ನೊಂದು ಒಲೆ, ಬಣವೆಯಿಂದ ದೂರ, ಹೊಗೆ ಬಯಲಿಗೆ ಹೋಗುವ ಹಾಗೆ. ಅದರ ಮೇಲೆ ಹಂಡೆಯಷ್ಟು ಭಜ್ಜಿ ಕುದಿಯುತ್ತಿತ್ತು. ಉತ್ತಮ ರೊಟ್ಟಿಯ ಬುಟ್ಟಿ ಬಿಚ್ಚುತ್ತಿದ್ದ, ದ್ರೌಪತಿ ಅಂಬಲಿಯ ಗಡಿಗೆ ಇಳಿಸುತ್ತಿದ್ದಳು. ಎಲ್ಲರೂ ಕುಳಿತರು, ಉತ್ತಮ-ದ್ರೌಪತಿಯರೂ ಸಾಲಿನಲ್ಲಿ ಕುಳಿತರು. ಬಿಸಿಲು ಬೆನ್ನಿಗೆ ಹಿತವಾಗಿ ಬಿದ್ದಿತ್ತು. ಸ್ವಲ್ಪ ಹೊತ್ತು ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಬೇರೆ ಹವಾಮಾನವಿರಲಿಲ್ಲ. ಸೋದರತ್ತೆ, ತೀರಿಹೋದವರ ಹೆಸರಿನ ಊಟ ಬಹಳ ರುಚಿಯಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡಳು.

ಬಸವಣಪ್ಪ ನಾಲ್ಕನೇ ತುತ್ತಿಗೆ ತಡೆಯಲಾರದೆ ಹೆಂಡತಿಯ ಕಡೆ ಬಾಗಿದ.

"ನಿನಗ ಮೊದಲೇ ಗೊತ್ತಿತ್ತಂದ್ರ ನಿನ್ನೆ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬಂದು ಈ ಒಲಿನೂ ತಿರುಗಿಸಿ ಇಡ್ತಿದ್ರಿ. ನಿಮ್ಮ ಕೈಯಾಗ ಹಗ್ಗ ಗೂಟ ಇದ್ದದ್ದಕ್ಕೇ ಇಲ್ಲಿ ಕೆಲಸ ಆತು."

ಅಂದರೆ ಹಗ್ಗ ಹಿಡಿದು, ಗೂಟ ಹೊಡೆದು, ನಾಲ್ಕು ದಿಕ್ಕು ಅಳೆದು ಅವನು ಸ್ಥಾಪಿಸಿದ ಆ ಮಹಾ ವ್ಯವಸ್ಥೆ, ಮದುವೆ ಮನೆಯಲ್ಲಿ ಮಕ್ಕಳಿಗೆ ಆಡಲು ಒಂದು ಹಿಡಿ ಹಿಟ್ಟು ಕೊಟ್ಟು ಕೂರಿಸಿದ ಹಾಗೆ. ಇದು ಅವನ ತಲೆಗೆ ಇಳಿಯುವ ಹೊತ್ತಿಗೆ ಓಂಪ್ರಕಾಶ ಕೈತೊಳೆದು, ಕೆಳಗಿನ ಊರಿಗೂ ಕೇಳುವಂತೆ ತೇಗಿ, ತೀರ್ಪು ಹೇಳಲು ಸರಿಯಾಗಿ ಕುಳಿತ. ವಿದ್ಯಾವತಿ ರೊಟ್ಟಿ ಕಟ್ಟಿ ತಂದ ಬಟ್ಟೆ ಮಡಿಸುವ ನೆಪದಲ್ಲಿ ಆ ಕಡೆಗೇ ಕಿವಿ ಇಟ್ಟಿದ್ದಳು. ಮಡಿಸಿದ್ದನ್ನೇ ಮೂರು ಸಲ ಮಡಿಸಿದಳು.

"ಅಕ್ಕ, ಇನ್ನ ಮುಂದ ಅಮಾಸಿ ಊಟ ನಿನ್ನ ಹೊಲದಾಗೇ. ಒಂದೇ ಶರತ್ತು. ಮಾಮಾಗ ವರ್ಷಾ ಹಿಂಗೇ ಬ್ಯಾರೆ ಒಂದು ಒಲಿ ಹೂಡಿ ಕೊಡಬೇಕು. ಅವರು ಅದರ ಹತ್ರ ಇದ್ರ ನಮ್ಮ ಊಟ ನಿರಾಳ ಆಗ್ತದ."

ಹದಿನೇಳು ಜನ ನಕ್ಕರು. ವಿದ್ಯಾವತಿ ಬಟ್ಟೆ ಕೆಳಗಿಟ್ಟು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತಮ್ಮನ ಎದುರು ಯಜಮಾನಿಯ ಹಾಗೆ ಕಾಲು ಚಾಚಿ ಕುಳಿತಳು. ಬೇರೆ ಯಾರಾದರೂ ಆಗಿದ್ದರೆ ನೆಲ ನೋಡುತ್ತಿದ್ದರು. ಬಸವಣಪ್ಪ ಶರತ್ತನ್ನು ಗಂಭೀರವಾಗಿ ಪರಿಶೀಲಿಸಿ ಒಪ್ಪಿಗೆ ಕೊಟ್ಟ.

"ಆಗ್ಲಿ. ಆದ್ರ ಆ ಒಲಿ ಯಾವ ದಿಕ್ಕಿಗಿರಬೇಕು ಅಂತ ಈಗೇ ಹೇಳಂಗಿಲ್ಲ. ಮುಂದಿನ ವರ್ಷ ಹವಾ ನೋಡಿ ಹೇಳ್ತೀನಿ."

ವಿದ್ಯಾವತಿ ಎದ್ದು ಬಂದು ಗಂಡನ ತಾಟಿಗೆ ಇನ್ನೊಂದು ಸೌಟು ಭಜ್ಜಿ ಸುರಿದಳು. ಬಾಯಿ ತುಂಬಿರುವಷ್ಟು ಹೊತ್ತು ಅವನಿಂದ ಯಾವ ದಿಕ್ಕಿಗೂ ಅಪಾಯವಿರಲಿಲ್ಲ.