ದೊಡ್ಡಮಲ್ಲಪ್ಪ ಬೈಯುವುದನ್ನು ಬಿಟ್ಟದ್ದು

ಗುಂಡ್ಲುಪೇಟೆಯ ದೊಡ್ಡಮಲ್ಲಪ್ಪ ಬೈಯುವುದನ್ನು ಬಿಟ್ಟು ಅಂದಿಗೆ ಮೂರು ದಿನ. ಅದಕ್ಕೆ ಮೊದಲು ಆ ಬೀದಿಗೆ ಬೆಳಗಾಗುತ್ತಿದ್ದುದೇ ಅವನ ಬಾಯಿಂದ. ಕೋಳಿ ಕೂಗುವುದು ತಪ್ಪಿದರೂ ಅವನು ಪಕ್ಕದ ಮನೆಯ ಮಹದೇವಪ್ಪನನ್ನು ಬೈಯುವುದು ತಪ್ಪುತ್ತಿರಲಿಲ್ಲ. ಅದೇ ಬಾಯಿ ಮಗಳು ಚಂದ್ರಮತಿಗೆ ಬಂದ ಎರಡು ಸಂಬಂಧಗಳನ್ನು ಮುರಿದಿತ್ತು. ಮೂರನೆಯವರು ಹರವೆ ಊರಿನವರು, ಅಂದು ಮೊದಲ ಬಸ್ಸಿಗೇ ಹೆಣ್ಣು ನೋಡಲು ಬರುವವರಿದ್ದರು.

ಬುದ್ಧನ ಎರಡೂವರೆ ಸಾವಿರ ವರ್ಷದ ಉತ್ಸವ ನಡೆಯುತ್ತಿದ್ದ ಕಾಲ. ಮೈಸೂರಿಗೆ ಅರಿಸಿನ ಮಾರಲು ಹೋದ ದೊಡ್ಡಮಲ್ಲಪ್ಪ ಕಾಲು ನೋವೆಂದು ಒಂದು ಸಭೆಯಲ್ಲಿ ಕೂತಿದ್ದ. ಅಲ್ಲಿ ಭಿಕ್ಷುವೊಬ್ಬರು ಮೈತ್ರಿ ಧ್ಯಾನ ಹೇಳಿಕೊಟ್ಟರು. ಕಣ್ಣು ಮುಚ್ಚಿ ಮೊದಲು ತಾನು ಸುಖವಾಗಿರಲಿ, ಆಮೇಲೆ ಬೇಕಾದವರು, ಕೊನೆಗೆ ಶತ್ರುವೂ ಸುಖವಾಗಿರಲಿ ಎನ್ನಬೇಕು. ಈ ಸಂಬಂಧವಾದರೂ ಉಳಿಯಲೆಂದು ಮನೆಯಲ್ಲೂ ಅದನ್ನೇ ಹಿಡಿದ ಅವನಿಗೆ ಮೊದಲೆರಡು ಬೇಗ ಮುಗಿಯುತ್ತಿದ್ದವು. ಮೂರನೆಯದಕ್ಕೆ ಊರಿಗೆ ಊರೇ ಇತ್ತು.

ಅಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಜಗಲಿಯ ಮೇಲೆ ಕೂತು, ಹಲ್ಲು ಕಚ್ಚಿಕೊಂಡೇ ‘ಮಹದೇವಪ್ಪ ಸುಖವಾಗಿರಲಿ’ ಎಂದು ಗೊಣಗುತ್ತಿದ್ದ. ಕಣ್ಣು ಬಿಟ್ಟರೆ ಮಹದೇವಪ್ಪನೇ ಬರಿ ತಂಬಿಗೆ ಹಿಡಿದು ನಿಂತಿದ್ದಾನೆ.

“ಏನ್ಲಾ ದೊಡ್ಡಮಲ್ಲ, ನನ್ನೆಸ್ರು ಇಡ್ಕೊಂಡು ಅದೇನ್ ಮಂತ್ರ ಆಕ್ತಿದ್ದೀಯ? ಮೂರ್ ದಿನದಿಂದ ನನ್ನೆಮ್ಮೆ ತೊಟ್ಟು ಆಲು ಕೊಟ್ಟಿಲ್ಲ ಕಣ್ಲಾ. ಮಾಟ ಮಾಡ್ಬುಟ್ಟೆ.”

“ನೀನು ಚೆನ್ನಾಗಿರ್ಲಿ ಅಂತ ಕೇಳ್ಕೊತಿದ್ದೆ ಕಣಪ್ಪ.”

ಈ ಮಾತೇ ಮುಳುವಾಯಿತು. ದೊಡ್ಡಮಲ್ಲಪ್ಪ ಒಬ್ಬರಿಗೆ ಒಳ್ಳೆಯದು ಬಯಸುತ್ತಾನೆಂದರೆ ನಂಬುವ ಪ್ರಾಣಿ ಆ ಬೀದಿಯಲ್ಲಿರಲಿಲ್ಲ. ಜನ ಸೇರಿತು. ನೀರು ಹೊತ್ತು ಬಂದ ಗುರುಮಲ್ಲಮ್ಮ ಕೊಡ ಇಳಿಸಿ ಸಾಕ್ಷಿ ಹೇಳಿದಳು. “ಮೊನ್ನೆ ನನ್ನೂ ನಗ್ತಾ ಮಾತಾಡಿಸ್ದ ಕಣವ್ವ. ಅವತ್ತಿಂದ ಸೊಂಟ ಇಡ್ಕೊಂಡದೆ.”

ಧೈರ್ಯ ಬಂದ ಮಹದೇವಪ್ಪ ದೊಡ್ಡಮಲ್ಲಪ್ಪನ ಅಪ್ಪ, ತಾತ, ಮುತ್ತಾತನನ್ನೆಲ್ಲ ಬೀದಿಗೆಳೆದು ಬೈದು, ಕೊನೆಗೆ ತಂಬಿಗೆಯನ್ನೇ ಎಸೆದ. ಅದು ಮಂಡಿಗೆ ಬಡಿಯಿತು. ದೊಡ್ಡಮಲ್ಲಪ್ಪನ ನಾಲಿಗೆ ತುದಿಗೆ ಸೊಗಸಾದೊಂದು ಬೈಗುಳ ಬಂತು. ಅಷ್ಟರಲ್ಲಿ ಹೆಂಡತಿ ಶಾಂತಮಲ್ಲಮ್ಮ ಬಾಗಿಲ ಮರೆಯಿಂದ ಪಿಸುಗುಟ್ಟಿದಳು.

“ನಿಮ್ ದಮ್ಮಯ್ಯ, ಸುಮ್ನಿರಿ. ಅರವೆಯವ್ರು ಬಂದವ್ರೆ. ಮಗೀನ ಬಾಳು.”

ಗುಂಪಿನ ಹಿಂದೆ ಛತ್ರಿ ಹಿಡಿದ ಇಬ್ಬರು ಹಿರಿಯರು ನಿಂತಿದ್ದರು. ದೊಡ್ಡಮಲ್ಲಪ್ಪ ಬೈಗುಳವನ್ನು ಕಷಾಯದಂತೆ ನುಂಗಿದ. ತಂಬಿಗೆ ಎತ್ತಿ ಒರೆಸಿ ಮಹದೇವಪ್ಪನ ಕೈಗಿಟ್ಟು, ಕೈಮುಗಿದು, “ಸುಖವಾಗಿರಪ್ಪ” ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಮಂಡಿನೋವಿಗೆ. ಮತ್ತೆ ತಲೆಯೆತ್ತಿದಾಗ ಛತ್ರಿಗಳು ಕಾಣಲಿಲ್ಲ.

ಮಾಡಿದ ಉಪ್ಪಿಟ್ಟು ಆರಿ ತಣ್ಣಗಾದ ಮೇಲೆ, ಸಂಬಂಧ ಕುದುರಿಸಿದ್ದ ಗಂಗಾಧರಸ್ವಾಮಿ ಒಬ್ಬನೇ ಬಂದ.

“ಅವ್ರು ವಾಪಸ್ ಓದ್ರು ಕಣಣ್ಣ. ಅವ್ರಿಗೆ ದಾಯಾದಿಗಳ ಜೊತೆ ಹೊಲದ ಬದುವಿನ ಜಗಳ ಅದೆ. ಗಂಡು ಸಾಧು, ಬಾಯಿಲ್ಲ. ನಿನ್ನ ಬಾಯಿನ ಸುದ್ದಿ ಕೇಳೇ ಅವ್ರು ಈ ಸಂಬಂಧಕ್ಕೆ ಬಂದಿದ್ದು. ನೀನು ನೋಡುದ್ರೆ ತಂಬಿಗೇಲಿ ಒಡಿಸ್ಕೊಂಡು ಕೈಮುಗೀತಾ ಕೂತಿದ್ದೆ. ‘ಇಂತಾ ಬೀಗನ್ನ ಕಟ್ಕೊಂಡು ಬದು ಉಳಿಸ್ಕೊಳಕ್ಕಾದದಾ’ ಅಂದ್ರು.”

ದೊಡ್ಡಮಲ್ಲಪ್ಪ ನಿಧಾನವಾಗಿ ಎದ್ದು ನಿಂತ. ಮೂರು ದಿನ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. ಭಿಕ್ಷು, ಮೈಸೂರು, ಹರವೆ, ಛತ್ರಿ, ಯಾರನ್ನೂ ಬಿಡಲಿಲ್ಲ. ಮಹದೇವಪ್ಪನಿಗಂತೂ ಏಳು ತಲೆಮಾರಿಗೆ ಸಾಲುವಷ್ಟು ಸಂದಿತು.

ಗಂಟಲು ಒಣಗಿ ನಿಲ್ಲಿಸುವ ಹೊತ್ತಿಗೆ ಮಹದೇವಪ್ಪನೇ ಓಡಿ ಬಂದ. ತಂಬಿಗೆಯಲ್ಲಿ ನೊರೆ ಹಾಲು.

“ಅಣ್ಣ, ಎಮ್ಮೆ ಆಲು ಬುಡ್ತು. ದಿನಾ ಕರಿಯೋವಾಗ ನಿನ್ನ ಬೈಗುಳ ಕೇಳಿ ಕೇಳಿ ಅದಕ್ಕೆ ರೂಢಿಯಾಗ್ಬುಟ್ಟದೆ. ಮಾಟ ಅಂದಿದ್ದು ತಪ್ಪಾಯ್ತು.”

ಒಳಗೆ ಚಂದ್ರಮತಿ ಅಳುತ್ತಿದ್ದಳು. ಅವಳ ಸಂಬಂಧ ಮುರಿದವನ ಎಮ್ಮೆ ತನ್ನ ಬಾಯಿಂದ ಹಾಲು ಕೊಡುವುದನ್ನು ದೊಡ್ಡಮಲ್ಲಪ್ಪ ಸಹಿಸಲಿಲ್ಲ. ಇನ್ನು ಮಹದೇವಪ್ಪನ ಮೇಲೆ ಒಂದು ಬೈಗುಳವನ್ನೂ ಖರ್ಚು ಮಾಡುವುದಿಲ್ಲವೆಂದು ಶಪಥ ಮಾಡಿ, ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಬಾಯಿ ಬಿಗಿದು ಕಣ್ಣು ಮುಚ್ಚಿ ಕೂತ.

ಗೋಡೆಯಾಚೆಯಿಂದ ಮಹದೇವಪ್ಪನ ಧ್ವನಿ ಬಂತು.

“ಅಣ್ಣ, ಕರು ಬುಟ್ಟಿದ್ದೀನಿ. ಶುರು ಮಾಡು.”