ಮಸ್ಟ್ ಹಾಕಿದ ರಜಾಚೀಟಿ

"ನೀನು ಯಾವತ್ತು ಸ್ಟೇಜ್ ಹತ್ತಿದ್ರೂ ಮುಂದಿನ ಸಾಲಲ್ಲಿ ನಾನಿರ್ತೀನಿ, ಪುಟ್ಟಿ."

ಕೊಡೆ ಕಾರ್ಖಾನೆಯ ಉಗ್ರಾಣದ ಗುಮಾಸ್ತ ಮಗಳಿಗೆ ಹೀಗೆ ಮಾತು ಕೊಟ್ಟದ್ದು ಅವಳಿಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ. ಆಮೇಲೆ ಆರು ವರ್ಷ ಅವಳನ್ನು ಯಾರೂ ಸ್ಟೇಜಿಗೆ ಕರೆಯಲಿಲ್ಲವಾದ್ದರಿಂದ ಮಾತು ಖರ್ಚಿಲ್ಲದೆ ಉಳಿದುಕೊಂಡಿತ್ತು. ಈಗ ಶಾಲೆಯ ನಾಟಕದಲ್ಲಿ ಅವಳಿಗೆ ಕುದುರೆಯ ಪಾತ್ರ ಸಿಕ್ಕಿತು. ಪೂರ್ತಿ ಕುದುರೆಯಲ್ಲ, ಹಿಂದಿನ ಎರಡು ಕಾಲು.

ನಾಟಕ ನಾಲ್ಕಕ್ಕೆ, ಕಾರ್ಖಾನೆ ಬಿಡುವುದು ಆರಕ್ಕೆ. ಹೊಸ ಮ್ಯಾನೇಜರಿಗೆ ಬಾಯಿಮಾತು ಆಗದು. ಏನಿದ್ದರೂ ಇಂಗ್ಲಿಷಿನಲ್ಲಿ ಚೀಟಿ ಕಳಿಸಬೇಕು. ಗುಮಾಸ್ತ ಹೆದರಿಕೊಂಡೇ ಬರೆದ: 'ಐ ಮೇ ಗೋ ಅಟ್ ತ್ರೀ.' ಎರಡೇ ನಿಮಿಷದಲ್ಲಿ ಚೀಟಿ ವಾಪಸಾಯಿತು: 'ಯೂ ಮೇ ನಾಟ್.'

ಟೈಪಿಸ್ಟಮ್ಮ ಕನ್ನಡಕವನ್ನು ಮೂಗಿನ ತುದಿಗಿಳಿಸಿದಳು. "ಏನ್ರೀ ಇದು, ಮೇ? ಬಾಗಿಲ ಹೊರಗೆ ನಿಂತು ಕೆಮ್ಮಿದ ಹಾಗಿದೆ! ಸಾಹೇಬ್ರ ಹತ್ರ 'ಮೇ' ಅಂದ್ರೆ ಕಸದಬುಟ್ಟಿ, 'ಶುಡ್' ಅಂದ್ರೆ ನಾಳೆ. 'ಮಸ್ಟ್' ಅಂದ್ರೆ ಮಾತ್ರ ಕುರ್ಚಿಯಿಂದ ಏಳ್ತಾರೆ."

"ಬರೀ ಮಸ್ಟ್ ಸಾಲಲ್ಲ," ಪ್ಯಾಕಿಂಗ್ ಮೇಸ್ತ್ರಿ ನಡುವೆ ಮೂಗು ತೂರಿಸಿದ. "ಹಿಂಗಾಲು ನೋಡೋಕೆ ಯಾರ್ರೀ ರಜೆ ಕೊಡ್ತಾರೆ? ಸ್ವಲ್ಪ ಉಬ್ಬಿಸಿ."

"ಸುಳ್ಳಾಗಲ್ವಾ?"

"ನಮ್ಮ ಮಾತಲ್ಲಾದ್ರೆ ಸುಳ್ಳು. ಇಂಗ್ಲಿಷಲ್ಲಾದ್ರೆ ಸ್ಟೈಲು!"

ಟೈಪ್ ಯಂತ್ರ ನಾಲ್ಕು ಕಾಲಿನಲ್ಲಿ ಓಡಿತು. ಇಂಥ ನಾಟಕ ನೂರು ವರ್ಷದಲ್ಲಿ ನಡೆದಿಲ್ಲ. ಆ ಕುದುರೆಯ ನಡಿಗೆ ಕಂಡರೆ ಕಲ್ಲೂ ಕರಗೀತು. ಉಸಿರಾಡುವ ಯಾರೂ ತಪ್ಪಿಸಿಕೊಳ್ಳಕೂಡದು. ವಾಕ್ಯಕ್ಕೊಂದು ಮಸ್ಟ್. ಓದಿದ ಗುಮಾಸ್ತನಿಗೆ ಇದು ತನ್ನ ಮಗಳೇನಾ ಎಂದು ಅನುಮಾನವಾಯಿತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಮ್ಯಾನೇಜರು ನಿಜಕ್ಕೂ ಕುರ್ಚಿಯಿಂದೆದ್ದು, ಚೀಟಿ ಹಿಡಿದು ಹೊರಗೇ ಬಂದರು. ಕಣ್ಣು ಮಕ್ಕಳ ಕಣ್ಣಿನಂತೆ ಅರಳಿತ್ತು.

"ಇಂಥದ್ದು ನಮ್ಮೂರಲ್ಲೇ ನಡೀತಿದ್ಯಾ? ಅಂಥದ್ದೇನ್ರೀ ಆ ಕುದುರೆ ನಡಿಗೇಲಿ?"

ಗುಮಾಸ್ತ ಟೈಪಿಸ್ಟಮ್ಮನ ಕಡೆ ನೋಡಿದ. "ಅದು... ಹೇಳೋಕಾಗಲ್ಲ ಸಾರ್. ನೋಡೇ ತಿಳೀಬೇಕು."

"ಹಾಗಾದ್ರೆ ನೋಡೇ ಬಿಡೋಣ! ಎಲ್ರೂ ಹೊರಡಿ. ಲಾರಿ ತೆಗೀರಿ!"

ಟೈಪಿಸ್ಟಮ್ಮ ಸೆರಗು ಸರಿಮಾಡಿಕೊಂಡಳು, ಮೇಸ್ತ್ರಿ ತಲೆ ಬಾಚಿಕೊಂಡ. ಗುಮಾಸ್ತ ಚೀಲ ಹೆಗಲಿಗೇರಿಸುವಷ್ಟರಲ್ಲಿ ಆ ಹೆಗಲ ಮೇಲೆ ಮ್ಯಾನೇಜರ ಕೈ ಬಿತ್ತು.

"ನೀವೆಲ್ಲಿಗೆ? ಫೋನಿನ ಹತ್ರ ಒಬ್ರಾದ್ರೂ ಬೇಕಲ್ಲ. ಇಷ್ಟು ಚೆನ್ನಾಗಿ ಬರೆದಿದ್ದೀರಿ ಅಂದ್ರೆ ನೀವು ಆಗಲೇ ನೋಡಿರ್ತೀರಿ. ನೋಡದವ್ರು ನೋಡ್ಲಿ."

"ಸಾರ್, ಆ ಕುದುರೆ ನನ್ನ ಮಗಳು..."

"ಹೌದಾ! ಹಾಗಾದ್ರೆ ಮನೇಲಿ ದಿನಾ ನೋಡ್ತೀರಲ್ರೀ, ಪುಣ್ಯವಂತರು!"

ಲಾರಿ ಗೇಟು ದಾಟಿತು. ನಾಲ್ಕಕ್ಕೆ ಸರಿಯಾಗಿ ನಾಟಕ ಶುರುವಾಯಿತು. ಗುಮಾಸ್ತ ಮೂರು ಸಾವಿರ ಮಡಿಸಿದ ಕೊಡೆಗಳ ನಡುವೆ ಫೋನ್ ಕಾಯುತ್ತ ಕೂತಿದ್ದ. ಯಾರೂ ಫೋನ್ ಮಾಡಲಿಲ್ಲ. ಮಗಳಿಗೆ ಕೊಟ್ಟ ಮಾತು ತಪ್ಪಿತು.